ಬಾಯಿ ಮರೆಯದ ಡಾಕ್ಟ್ರಮ್ಮ

ಅವರು ಯಾವ ಕಲ್ಲನ್ನು ಕೈಗೆತ್ತಿಕೊಂಡರೂ ಮೊದಲು ಅದನ್ನು ಕೆಳತುಟಿಗೆ ಮುಟ್ಟಿಸಿ ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡು, ಒಂದು ಗಳಿಗೆ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ನನ್ನ ಕೊರಿಯರ್ ಅಂಗಡಿಯ ಕೌಂಟರಿನ ಮುಂದೆ, ಬಿಳಿ ಕೋಟು ಹಾಕಿದ ಹೆಂಗಸೊಬ್ಬರು ಕಲ್ಲಿಗೆ ಮುತ್ತಿಡುವುದನ್ನು ಮೊದಲ ಸಲ ಕಂಡ ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ನಾನು ಏನೂ ಆಗಿಲ್ಲವೇನೋ ಎನ್ನುವಂತೆ ಪಾರ್ಸೆಲ್ ತೂಗುತ್ತಿದ್ದೆ.

"ಕಲ್ಲು ತಣ್ಣಗಿರ್ತದೆ ಮಾರಾಯ. ಅಂಟು ಬೆಚ್ಚಗಿರ್ತದೆ. ಬೆರಳಿಗೆ ಮೋಸ ಮಾಡಬಹುದು, ತುಟಿಗೆ ಆಗಲ್ಲ" ಅಂತ ಅವರೇ ಒಮ್ಮೆ ಹೇಳಿದ್ದರು.

ಅವರು ಹಲ್ಲಿನ ಡಾಕ್ಟರು. ಕ್ಲಿನಿಕ್ ಇದ್ದದ್ದು ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ. ಊರಿಗೆಲ್ಲ ಡಾಕ್ಟ್ರಮ್ಮ. ಹೋದ ಕಾರ್ತೀಕದಲ್ಲಿ ತೀರಿಕೊಂಡರು. ಅಂದು ಬಂದವರೆಲ್ಲ ಅವರ ಕೈಗುಣದ ಬಗ್ಗೆ ಮಾತಾಡಿದರು, ನೋವಾಗದ ಹಾಗೆ ಹಲ್ಲು ಕೀಳುತ್ತಿದ್ದರೆಂದರು. ನಿಜವೇ. ಆದರೆ ನನ್ನ ಮನಸ್ಸಿನಲ್ಲಿ ಅವರು ಉಳಿದಿರುವುದು ಬೇರೆಯೇ ಒಂದು ಕಾರಣಕ್ಕೆ. ಅದನ್ನು ಅಂದು ಅಲ್ಲಿ ಹೇಳುವ ಹಾಗಿರಲಿಲ್ಲ.

ಅವರಿಗೆ ಪಳೆಯುಳಿಕೆಗಳ ಹುಚ್ಚಿತ್ತು. ಎಣಿಕೆಗೆ ಸಿಗದಷ್ಟು ಹಿಂದೆ ಸತ್ತು, ಮಣ್ಣಿನಡಿಯಲ್ಲಿ ಕಲ್ಲಾಗಿಹೋದ ಮೀನು, ಶಂಖ, ಎಲೆ, ಮೊಸಳೆಯ ಹಲ್ಲು. ಇವನ್ನು ಆನ್‌ಲೈನಿನಲ್ಲಿ ಹುಡುಕಿ ಹುಡುಕಿ ತರಿಸುತ್ತಿದ್ದರು. ಪಾರ್ಸೆಲ್ಲು ಬರುವುದು ನನ್ನಲ್ಲಿಗೆ. ಮೇಲಿಂದ ಇಳಿದು ಬಂದು, ಅಲ್ಲೇ ಕೌಂಟರಿನ ಮೇಲೆ ಬಿಚ್ಚಿ ನೋಡಿ, ಸುಳ್ಳಾದರೆ ಅಲ್ಲಿಂದಲೇ ವಾಪಸ್ಸು ಕಳಿಸುತ್ತಿದ್ದರು. ಅರ್ಧಕ್ಕರ್ಧ ಸುಳ್ಳೇ ಇರುತ್ತಿತ್ತು. ಹೀಗೆ ನಿಂತು ನೋಡಿ ನೋಡಿಯೇ ನನಗೂ ಸ್ವಲ್ಪ ವಿದ್ಯೆ ಅಂಟಿತು.

ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿಗೆ ಸುರಿದ ಮಾಲಿನಲ್ಲಿ ಸೂಜಿಮೊನೆಯಂಥ ಗಾಳಿಗುಳ್ಳೆಗಳು ಕಾಣುತ್ತವೆ. ಕಾಯಿಸಿದ ಸೂಜಿ ಚುಚ್ಚಿದರೆ ಕಲ್ಲು ಸುಮ್ಮನಿರುತ್ತದೆ, ಪ್ಲಾಸ್ಟಿಕ್ ನಾರುತ್ತದೆ. ಬಿರುಕಿನೊಳಗೆ ಬಣ್ಣ ನಿಂತಿರುತ್ತದೆ. ಒಂದೇ ಬಿರುಕು ಇಬ್ಬರು ಮಾರಾಟಗಾರರ ಎರಡು ಶಂಖಗಳಲ್ಲಿ ಕಂಡರೆ ಎರಡೂ ಒಂದೇ ಅಚ್ಚಿನವು. ರೆಕ್ಕೆ, ಬಾಲ, ಮೀಸೆ ಎಲ್ಲ ಚೆಂದಕ್ಕೆ ಹರಡಿಕೊಂಡಿದ್ದ ಒಂದು ಮೀನನ್ನು ತಿರುಗಿಸಿ ನೋಡುತ್ತ ಅವರು ಹೇಳಿದ್ದು ನೆನಪಿದೆ: ಯಾವ ಪ್ರಾಣಿಯೂ ಫೋಟೋಕ್ಕೆ ನಿಂತ ಹಾಗೆ ಸಾಯುವುದಿಲ್ಲ. ಇನ್ನೊಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು. ಫೋಟೋದಲ್ಲಿ ಒಂದೇ ಮಗ್ಗುಲು ತೋರಿಸಿ, ಇನ್ನೊಂದನ್ನು ಕೇಳಿದರೂ ಕಳಿಸದವನ ಹತ್ತಿರ ಕೊಳ್ಳಬಾರದು. ಆ ಇನ್ನೊಂದು ಮಗ್ಗುಲಿನಲ್ಲೇ ಅವನ ಬಂಡವಾಳ ಇರುತ್ತದೆ.

ಒಂದು ಸಲ ಪೇಟೆಯ ಹಿರಿಯರೊಬ್ಬರು ಆನ್‌ಲೈನಿನಲ್ಲಿ ತರಿಸಿದ ಸಾಲಿಗ್ರಾಮವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದರು. ಪೂಜೆಗೆ ಇಟ್ಟು ಎಷ್ಟೋ ತಿಂಗಳಾಗಿತ್ತು. ಯಾರೋ ಅನುಮಾನ ಹುಟ್ಟಿಸಿದ್ದರು. ಡಾಕ್ಟ್ರಮ್ಮ ಅದನ್ನು ತುಟಿಗೆ ಮುಟ್ಟಿಸಲಿಲ್ಲ, ದೇವರ ವಸ್ತುವೆಂದು. ಭೂತಗನ್ನಡಿ ಹಿಡಿದು ನೋಡಿ, ಕಲ್ಲು ನಿಜದ್ದೇ, ಆದರೆ ಒಳಗಿನ ಚಕ್ರವನ್ನು ಯಾರೋ ಯಂತ್ರದಲ್ಲಿ ಕೊರೆದಿದ್ದಾರೆ, ತಾನು ಹಲ್ಲು ಕೊರೆಯುವಂಥದ್ದೇ ಯಂತ್ರ ಎಂದುಬಿಟ್ಟರು. ಹಿರಿಯರು ಬಟ್ಟೆ ಸುತ್ತಿಕೊಂಡು ಹೋದರು. ಪೂಜೆ ನಿಲ್ಲಿಸಲಿಲ್ಲ, ಡಾಕ್ಟ್ರಮ್ಮನ ಜೊತೆ ಮಾತು ನಿಲ್ಲಿಸಿದರು. ಹಲ್ಲುನೋವು ಬಂದಾಗ ಮಾತ್ರ ಅವರ ಹತ್ತಿರವೇ ಹೋಗಿ, ಬಾಯಿ ತೆರೆದುಕೊಂಡು, ಮೌನವಾಗಿಯೇ ಚಿಕಿತ್ಸೆ ಮಾಡಿಸಿಕೊಂಡು ಬಂದರು.

ಜನರ ಜೊತೆ ಮಾತಾಡುವಾಗ ಅವರು ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಇದರಿಂದ ಹೊಸಬರಿಗೆ ಮುಜುಗರವಾಗುತ್ತಿತ್ತು. ರಸ್ತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಗುರುತೇ ಇಲ್ಲದವರಂತೆ ನಿಲ್ಲುತ್ತಿದ್ದರು. ಎದುರಿನವರು ನಕ್ಕ ಕೂಡಲೇ ಹೆಸರು, ಊರು, ಮಗಳ ಮದುವೆ ಎಲ್ಲ ನೆನಪಾಗಿಬಿಡುತ್ತಿತ್ತು. "ಮುಖ ಮರೆತು ಹೋಗ್ತದೆ. ಬಾಯಿ ಮರೆಯಲ್ಲ" ಎನ್ನುತ್ತಿದ್ದರು.

ಅವರ ಹತ್ತಿರ ನೇರಳೆ ಬೆಳಕಿನ ಒಂದು ಸಣ್ಣ ಟಾರ್ಚ್ ಇತ್ತು. ಅಂಟಿಸಿದ ಜಾಗ ಅದರಲ್ಲಿ ಹೊಳೆಯುತ್ತದೆ. ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿದ್ದಾಗ ಪಾರ್ಸೆಲ್ಲು ನೋಡಲು ಬಂದವರು ತಮಾಷೆಗೆ ಅದನ್ನು ನನ್ನ ಮುಖಕ್ಕೆ ಹಿಡಿದು, ಬಾಯಿ ತೆಗೆ ಎಂದರು. ಎದುರಿನ ಗಾಜಿನಲ್ಲಿ ನನ್ನನ್ನು ನಾನೇ ನೋಡಿದೆ. ಮುಖವೆಲ್ಲ ಕತ್ತಲು, ನಡುವೆ ಹಲ್ಲುಗಳು ಮಾತ್ರ ನೀಲಿಯಾಗಿ ಉರಿಯುತ್ತಿದ್ದವು. ಒಂದು ಕಡೆ ಕಪ್ಪು ತೂತು. ಅದು ಅವರೇ ಹಾಕಿದ ಕ್ಯಾಪ್. ಸುಳ್ಳು ಹಲ್ಲು ಬೆಳಗುವುದಿಲ್ಲ ಎಂದು ಹೇಳಿ ಟಾರ್ಚ್ ಆರಿಸಿದರು. ಆ ರಾತ್ರಿ ಊಟ ಮಾಡುವಾಗ ಬಾಯಿ ತೆರೆಯಲು ನನಗೆ ಒಂಥರಾ ಆಯಿತು.

ಇನ್ನು ಅವರ ಯಜಮಾನರ ವಿಷಯ ಹೇಳಬೇಕು. ಅವರು ಕಾಫಿ ಖರೀದಿಯ ಕೆಲಸದಲ್ಲಿದ್ದವರು. ಕಳಸದ ಕಡೆಯ ತೋಟಗಳನ್ನು ಸುತ್ತುತ್ತಿದ್ದರು. ಒಂದು ಆಷಾಢದಲ್ಲಿ ಭದ್ರಾ ಹೊಳೆ ತಗ್ಗಿನ ಸೇತುವೆಯ ಮೇಲೆ ಹರಿಯುತ್ತಿದ್ದಾಗ ದಾಟಲು ಹೋದರು. ಜೀಪು ಎರಡು ತಿರುವು ಕೆಳಗೆ ಬಂಡೆಗೆ ಸಿಕ್ಕಿಕೊಂಡಿತ್ತು. ಅವರು ಸಿಗಲಿಲ್ಲ. ಮಳೆ ನಿಂತ ಮೇಲೂ ಹುಡುಕಿದರು, ಸಿಗಲಿಲ್ಲ. ಆಲ್ದೂರಿನ ಹತ್ತಿರ ಅವರ ಮನೆತನದ ತೋಟದ ಮೂಲೆಯಲ್ಲಿ ಹಿರಿಯರ ಸಮಾಧಿಗಳಿವೆ. ಅಲ್ಲಿ ಅವರ ಹೆಸರಿನ ಕಲ್ಲೂ ಇದೆ, ಕೆಳಗೆ ಏನೂ ಇಲ್ಲ. ಡಾಕ್ಟ್ರಮ್ಮ ಪಳೆಯುಳಿಕೆ ಕೊಳ್ಳಲು ಶುರುಮಾಡಿದ್ದು ಅದರ ಮರುವರ್ಷದಿಂದ. ಜನ ಹೊತ್ತು ಕಳೆಯಲಿಕ್ಕೆ ಎಂದುಕೊಂಡರು. ನಾನೂ ಹಾಗೇ ತಿಳಿದಿದ್ದೆ.

ಯಜಮಾನರ ಬಗ್ಗೆ ಅವರು ಆಡುತ್ತಿದ್ದದ್ದು ಬಹಳ ಕಡಿಮೆ. ಆತನಿಗೆ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿತ್ತಂತೆ. ಮದುವೆಯಾದ ಹೊಸತರಲ್ಲಿ ಆ ಕರಕರ ಸದ್ದಿಗೆ ಇವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಆಮೇಲೆ ಅದಿಲ್ಲದೆ ನಿದ್ದೆ ಬರದಾಯಿತಂತೆ. ಇಷ್ಟನ್ನು ಒಮ್ಮೆ ಪಾರ್ಸೆಲ್ಲಿನ ದಾರ ಕತ್ತರಿಸುತ್ತ ಹೇಳಿ, ಮತ್ತೆ ಆ ಮಾತಿಗೆ ಬರಲಿಲ್ಲ.

ಮೂರ್ನಾಲ್ಕು ವರ್ಷದ ಹಿಂದೆ, ಮಧ್ಯಾಹ್ನ, ಅವರು ಫೋನು ಹಿಡಿದು ಕೆಳಗೆ ಬಂದರು. ಕಪ್ಪು ಬಟ್ಟೆಯ ಮೇಲೆ ಕಂದುಬಣ್ಣದ ಒಂದು ಕೆಳದವಡೆಯ ಫೋಟೋ. ಆದಿಮಾನವನದ್ದು, ನದಿಯ ಮರಳಿನಲ್ಲಿ ಸಿಕ್ಕಿದ್ದು ಎಂದು ಬರೆದಿತ್ತು. ಮಾರುವವನ ವಿಳಾಸ ಉತ್ತರದ ಯಾವುದೋ ಊರು. ನಾನು ಕಲಿತ ವಿದ್ಯೆ ತೋರಿಸುವ ಉಮೇದಿನಲ್ಲಿ, ಇದು ಸುಳ್ಳು ಎಂದೆ. ಬಣ್ಣ ಎಲ್ಲ ಕಡೆ ಒಂದೇ ಸಮ ಇದೆ, ಬಲಮಗ್ಗುಲು ಮಾತ್ರ ತೋರಿಸಿದ್ದಾನೆ, ಯಾವ ನದಿ ಅಂತಲೇ ಹೇಳಿಲ್ಲ ಎಂದೆಲ್ಲ ವಿವರಿಸಿದೆ.

"ನೀ ಹೇಳಿದ್ದೆಲ್ಲ ಸರಿ ಉಂಟು" ಎಂದರು ಅವರು. "ಆದ್ರೆ ಈ ಹಲ್ಲು ನಂಗೆ ಗೊತ್ತು."

ನನಗೆ ಅರ್ಥವಾಗಲಿಲ್ಲ. ಅವರು ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದರು. ಮುಂದಿನ ಎರಡು ಹಲ್ಲುಗಳು ಒಂದರ ಮೇಲೊಂದು ಕಾಲು ಹಾಕಿಕೊಂಡು ಕೂತಂತಿದ್ದವು. ಪಕ್ಕದ ಕೋರೆಹಲ್ಲಿನ ತುದಿ ಓರೆಯಾಗಿ ಸವೆದಿತ್ತು, ವರ್ಷಗಟ್ಟಲೆ ಕಡಿದು ಕಡಿದು ಸವೆದ ಹಾಗೆ. ಅವರ ಬೆರಳು ಆ ಸವೆದ ತುದಿಯ ಮೇಲೆ ನಿಂತಿತು.

"ನಮ್ಮನೆಯವ್ರದ್ದು" ಎಂದರು. ಅಷ್ಟು ಹೇಳಿ ಮೇಲೆ ಹೋದರು. ಕ್ಲಿನಿಕ್ಕಿನಲ್ಲಿ ರೋಗಿ ಕಾಯುತ್ತಿದ್ದ.

ಎಡಮಗ್ಗುಲಿನ ಫೋಟೋ ಕಳಿಸು ಎಂದು ಅವರು ಮಾರುವವನಿಗೆ ಬರೆದರಂತೆ. ಅವನು ಕಳಿಸಲಿಲ್ಲ. ಆದರೂ ಕೊಂಡರು. ಹೊಳೆ ತೆಗೆದುಕೊಂಡದ್ದನ್ನು ಹೊಳೆಯೇ ಎಲ್ಲೋ ಮರಳಿನಲ್ಲಿ ಬಿಟ್ಟಿರಬಹುದು, ಯಾರೋ ಆರಿಸಿ, ಬಣ್ಣ ಹಚ್ಚಿ, ಹಳೆಯದೆಂದು ಮಾರುತ್ತಿರಬಹುದು. ಇದು ಅವರ ತಲೆಯಲ್ಲಿ ಓಡುತ್ತಿದ್ದ ಲೆಕ್ಕ. ಕೇಳಿದ ಮೇಲೆ ನನಗೂ ಆಗಲಾರದ್ದು ಅನ್ನಿಸಲಿಲ್ಲ.

ಪಾರ್ಸೆಲ್ಲು ಬಂತು. ಫೋನು ಮಾಡಿದೆ. ಅಲ್ಲೇ ಇರಲಿ ಎಂದರು. ಮರುದಿನವೂ ಅದೇ ಮಾತು. ಬೇರೆ ಯಾವ ಡಬ್ಬಿಗೂ ಅವರು ಅರ್ಧ ಗಂಟೆ ಕಾದವರಲ್ಲ. ಈ ಡಬ್ಬಿ ನನ್ನ ಕುರ್ಚಿಯ ಹಿಂದಿನ ರ್‍ಯಾಕಿನಲ್ಲಿ ಕೂತೇ ಇತ್ತು. ನಾನು ಅದನ್ನು ಮೇಲಿನ ಅಂತಸ್ತಿನಿಂದ ಕೆಳಗಿಟ್ಟೆ, ಆಮೇಲೆ ಮೂಲೆಗಿಟ್ಟೆ. ಎಲ್ಲಿಟ್ಟರೂ ಬೆನ್ನಿಗೆ ಅದು ಇರುವುದು ಗೊತ್ತಾಗುತ್ತಿತ್ತು. ಒಂದು ಸಂಜೆ ಬೀದಿಯಲ್ಲಿ ಸದ್ದಡಗಿದ ಹೊತ್ತಿನಲ್ಲಿ ಆ ಕಡೆಯಿಂದ ಕರಕರ ಎಂದು ಕೇಳಿಸಿತು. ಇಲಿ ಇರಬೇಕು. ನಮ್ಮಲ್ಲಿ ಇಲಿಗಳಿವೆ. ಆದರೆ ನಾನು ತಿರುಗಿ ನೋಡಲಿಲ್ಲ. ಶಟರ್ ಎಳೆದು, ಹೊತ್ತಿಗೆ ಮೊದಲೇ ಮನೆಗೆ ಹೋದೆ.

ಕೊನೆಗೆ ಒಂದು ಶನಿವಾರ ರೋಗಿಗಳೆಲ್ಲ ಹೋದ ಮೇಲೆ ಡಬ್ಬಿಯನ್ನು ಮೇಲಕ್ಕೆ ತರಲು ಹೇಳಿದರು. ಹೋಗಬೇಡ, ಇಲ್ಲೇ ಇರು ಎಂದರು. ಕುರ್ಚಿಯ ಮೇಲಿನ ದೊಡ್ಡ ದೀಪ ಹಾಕಿ, ರೋಗಿ ತಲೆಯಿಡುವ ಜಾಗದಲ್ಲಿ ಬಿಳಿ ಬಟ್ಟೆ ಹಾಸಿ, ದವಡೆಯನ್ನು ಅದರ ಮೇಲಿಟ್ಟರು. ತುಟಿಗೆ ಮುಟ್ಟಿಸಲಿಲ್ಲ. ಕೈಗವಸು ಹಾಕಿಕೊಂಡು, ರೋಗಿಯ ಬಾಯಿ ನೋಡುವಂತೆಯೇ, ಒಂದು ತುದಿಯಿಂದ ಹಲ್ಲು ಹಲ್ಲಾಗಿ ನೋಡುತ್ತ ಬಂದರು. ಬಲಗಡೆ ಮುಗಿಯಿತು. ಮುಂದಿನ ಹಲ್ಲುಗಳಾದವು. ಎಡಗಡೆ ಹಿಂಬದಿಗೆ ಹೋದವರು ಅಲ್ಲೇ ನಿಂತರು.

ನನಗೆ ಅವರ ಉಸಿರು ಕೇಳುತ್ತಿತ್ತು.

"ಈ ಹಲ್ಲನ್ನ ನಾನೇ ಕಿತ್ತಿದ್ದೆ" ಎಂದರು. "ಹೊಳೆಗೆ ಹೋಗೋ ಹಿಂದಿನ ವರ್ಷ. ಇದೇ ಕುರ್ಚೀಲಿ. ಮತ್ತೆ ಬಂದಿದೆ ನೋಡು."

ಸತ್ತವನ ದವಡೆಯಲ್ಲಿ ಕಿತ್ತ ಹಲ್ಲು ಮರಳಿ ಬಂದು ಕೂತಿದೆ ಎನ್ನುವುದು ಬಿಟ್ಟು ಬೇರೇನೂ ಆ ಕ್ಷಣ ಹೊಳೆಯಲಿಲ್ಲ. ಅವರಿಗೆ ಹೊಳೆದಿತ್ತು. ದೀಪ ಆರಿಸಿ, ನೇರಳೆ ಟಾರ್ಚ್ ಹಿಡಿದರು. ಒಂದು ಹಲ್ಲೂ ಬೆಳಗಲಿಲ್ಲ. ಆ ದವಡೆ ಕತ್ತಲೆಯಲ್ಲಿ ಕತ್ತಲೆಯಾಗಿಯೇ ಇತ್ತು. ಮತ್ತೆ ದೀಪ ಹಾಕಿ, ಸೂಜಿ ಕಾಯಿಸಿ ಅಡಿಭಾಗಕ್ಕೆ ಚುಚ್ಚಿದರು. ಸಿಹಿಯಾದ, ಮೂಗಿಗೆ ಹತ್ತುವ ವಾಸನೆ ಬಂತು. ನನಗೇ ಗುರುತಾಯಿತು. ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗಲೆಲ್ಲ ಬರುವ ವಾಸನೆ, ಹಲ್ಲುಸೆಟ್ ಮಾಡುವ ಮಾಲಿನದ್ದು.

ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು.

"ಇದೊಂದು ಸುಳ್ಳಾಗದೆ ಇರ್ಲಿ ಅಂತ ಇಷ್ಟು ದಿನ ಬೇಡ್ಕೊಂಡೆ ಮಾರಾಯ" ಎಂದರು. ಆಮೇಲೆ, ರೋಗಿಗಳು ಕೂರುವ ಆ ಕುರ್ಚಿಯಲ್ಲಿ ತಾವೇ ಕೂತರು.

ಕಿತ್ತ ಹಲ್ಲು ಇರುವುದರಿಂದ, ಅದನ್ನು ಕೀಳುವ ಮೊದಲು ತೆಗೆದ ಬಾಯಿಯ ಅಚ್ಚಿನಿಂದಲೇ ಇದು ಹುಟ್ಟಿರಬೇಕು. ಅಂಥ ಅಚ್ಚನ್ನು ತೆಗೆದವರು ಅವರೇ. ನಿದ್ದೆಯಲ್ಲಿ ಹಲ್ಲು ಕಡಿಯದಂತೆ ಯಜಮಾನರಿಗೆ ಒಂದು ಕವಚ ಮಾಡಿಸಲು ತೆಗೆದದ್ದು. ಪ್ಲಾಸ್ಟರಿನ ಆ ಅಚ್ಚು ಹೋದದ್ದು ಒಬ್ಬರ ಕೈಗೆ ಮಾತ್ರ, ಊರಿನವರು ಸೆಟ್ ಮೇಸ್ತ್ರಿ ಎಂದು ಕರೆಯುತ್ತಿದ್ದ ಹಲ್ಲುಸೆಟ್ ಮಾಡುವವರ ಕೈಗೆ. ಡಾಕ್ಟ್ರಮ್ಮ ಕೊಟ್ಟ ಅಳತೆಗೆ ವರ್ಷಾನುಗಟ್ಟಲೆ ಸೆಟ್ ಮಾಡಿಕೊಟ್ಟವರು. ಆಮೇಲೆ ದೊಡ್ಡ ಪೇಟೆಗಳ ಲ್ಯಾಬುಗಳು ಕಂಪ್ಯೂಟರಿನಲ್ಲೇ ಹಲ್ಲು ಕೆತ್ತಿ ಕಳಿಸಲು ಶುರುಮಾಡಿದಾಗ ಮೇಸ್ತ್ರಿಯ ಕೆಲಸ ನಿಂತು, ಅವರು ಅಂಗಡಿ ಮುಚ್ಚಿ ಬಾಳೂರಿನ ಮೇಲಿನ ತಮ್ಮ ಊರಿಗೆ ಹೋಗಿದ್ದರು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ರಜಾಕ್ ಭಾಯಿಯ ಜೀಪಿನಲ್ಲಿ ಆ ಊರಿಗೆ ಹೋದೆವು. ರಜಾಕ್ ಭಾಯಿ ನಮ್ಮ ಬೀದಿಯ ಮೆಕ್ಯಾನಿಕ್. ಹಾಳಾದ ರಸ್ತೆಗೆ ಅವರ ಜೀಪೇ ಗತಿ. ದಾರಿಯುದ್ದಕ್ಕೂ ಡಾಕ್ಟ್ರಮ್ಮ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ತಗ್ಗು ಬಂದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.

ಮೇಸ್ತ್ರಿ ಮನೆಯಂಗಳದಲ್ಲೇ ಇದ್ದರು. ಬೆನ್ನು ಬಾಗಿತ್ತು. ಡಾಕ್ಟ್ರಮ್ಮನನ್ನು ಕಂಡು, ಅವರ ಕೈಯಲ್ಲಿದ್ದ ಡಬ್ಬಿಯನ್ನು ಕಂಡು, ಯಾಕೆ ಬಂದಿರಿ ಎಂದು ಕೇಳಲೇ ಇಲ್ಲ. ಬನ್ನಿ ಡಾಕ್ಟ್ರೇ ಎಂದು ಹೇಳಿ, ಮನೆಯ ಪಕ್ಕದ ಶೆಡ್ಡಿನ ಬೀಗ ತೆಗೆದರು.

ಒಳಗೆ ಬೆಳಕು ಕಮ್ಮಿ. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದನ್ನು ನಾನು ಇನ್ನೂ ಕನಸಿನಲ್ಲಿ ನೋಡುತ್ತೇನೆ. ನೆಲದಿಂದ ಮಾಡಿನ ತನಕ ಹಲಗೆಗಳು, ಹಲಗೆಗಳ ಮೇಲೆಲ್ಲ ಬಾಯಿಗಳು. ಬಿಳಿ ಪ್ಲಾಸ್ಟರಿನ ಮೇಲ್ದವಡೆ, ಕೆಳದವಡೆಗಳು ಜೋಡಿ ಜೋಡಿಯಾಗಿ, ಕೆಲವು ಕಚ್ಚಿಕೊಂಡು, ಕೆಲವು ಇಷ್ಟೇ ಇಷ್ಟು ತೆರೆದುಕೊಂಡು. ಮೂಡಿಗೆರೆ, ಆಲ್ದೂರು, ಕಳಸದ ಎಷ್ಟೋ ವರ್ಷದ ಜನ, ಇದ್ದವರು, ಸತ್ತವರು, ಎಲ್ಲರೂ ಏನೋ ಹೇಳಲು ಹೊರಟು ನಿಲ್ಲಿಸಿದ ಹಾಗೆ ಕೂತಿದ್ದರು. ಮೂಲೆಯ ಮೇಜಿನ ಮೇಲೆ ರಬ್ಬರಿನ ಅಚ್ಚು, ಬಣ್ಣದ ಸೀಸೆ, ಅರ್ಧ ಮಾಡಿದ ಮೊಸಳೆ ಹಲ್ಲುಗಳು, ಪಕ್ಕದಲ್ಲಿ ಕಾಫಿ ಚರಟ ಕುದಿಸಿದ ಪಾತ್ರೆ. ಹಳೆಯದಾಗಿ ಕಾಣಿಸುವುದಕ್ಕೆ ಅದರಲ್ಲಿ ಅದ್ದುತ್ತಿದ್ದರಂತೆ.

ಡಾಕ್ಟ್ರಮ್ಮ ಮೇಜಿನ ಕಡೆ ನೋಡಲಿಲ್ಲ. ಹಲಗೆಗಳ ಮುಂದೆ ನಿಧಾನ ನಡೆಯತೊಡಗಿದರು. ಅಚ್ಚುಗಳ ಅಡಿಯಲ್ಲಿ ಪೆನ್ಸಿಲಿನಲ್ಲಿ ಹೆಸರಿತ್ತು, ಅವರಿಗೆ ಅದು ಬೇಕಿರಲಿಲ್ಲ. ಬಾಯಿ ನೋಡಿಯೇ ಒಬ್ಬೊಬ್ಬರ ಹೆಸರು ಹೇಳುತ್ತ ಹೋದರು. ಪೋಸ್ಟ್ ಮಾಸ್ಟರು, ಬೇಕರಿಯವರ ಅತ್ತೆ, ಹೈಸ್ಕೂಲಿನ ಗಣಿತದ ಟೀಚರು, ಬಾಣಂತನದಲ್ಲಿ ಹೋದ, ತೋಟದ ಲೆಕ್ಕ ಬರೆಯುವ ರೈಟರ ಹೆಂಡತಿ. ಸಣ್ಣ ದನಿ, ಹಾಜರಿ ಕರೆದಂತೆ. ಹೆಸರು ಹೇಳಿ ಒಂದು ಕ್ಷಣ ನಿಲ್ಲುತ್ತಿದ್ದರು. ಒಂದನ್ನು ಎತ್ತಿ ನನ್ನ ಕೈಯಲ್ಲಿಟ್ಟರು.

"ನಿಮ್ಮಮ್ಮ" ಎಂದರು.

ಹಲ್ಲಿಲ್ಲದ ಬೋಳು ವಸಡು, ಅಂಗುಳಿನ ಗೆರೆಗಳು. ಅಮ್ಮ ಹೋಗುವ ಮೊದಲು ಸೆಟ್ ಮಾಡಿಸಿದ್ದಳು. ನನ್ನನ್ನು ಕರೆಯುತ್ತಿದ್ದ ಬಾಯಿ ಒಳಗಿನಿಂದ ಹೀಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅದು ತಣ್ಣಗಿತ್ತು. ಎಲ್ಲಿ ಇಡಬೇಕೋ ತಿಳಿಯದೆ ಕೊನೆಯವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದೆ.

ಹಲಗೆಗಳು ಮುಗಿದವು. ಅವರು ಹುಡುಕುತ್ತಿದ್ದದ್ದು ಇರಲಿಲ್ಲ. ತಿರುಗಿ ಮೇಸ್ತ್ರಿಯನ್ನು ನೋಡಿದರು.

ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಹೇಳಿದರು. ಕೆಲಸ ನಿಂತ ಮೇಲೆ ಒಬ್ಬ ಏಜೆಂಟ್ ಬಂದ. ಮೊದಲು ಪ್ರಾಣಿಗಳ ಹಲ್ಲು ಮಾಡಿಸಿದ, ಶಾಲೆಗಳಲ್ಲಿ ತೋರಿಸಲು ಎಂದ. ಎಲ್ಲಿ, ಏನೆಂದು ಮಾರುತ್ತಾನೆ ಎಂದು ಇವರು ಕೇಳಲಿಲ್ಲ. ಗೊತ್ತಾದ ಮೇಲೂ ಕೇಳಲಿಲ್ಲ. ಆಮೇಲೆ ಮನುಷ್ಯರ ದವಡೆ ಬೇಕೆಂದ. ಇವರು ಯಜಮಾನರ ಅಚ್ಚಿನಿಂದ ಎರಡು ಮಾಡಿಕೊಟ್ಟರು. ರಬ್ಬರಿನಿಂದ ಬಿಡಿಸುವಾಗ ಮೂಲದ ಪ್ಲಾಸ್ಟರು ಒಡೆದುಹೋಯಿತು.

"ಇಷ್ಟು ಜನರಲ್ಲಿ ಅವ್ರದ್ದೇ ಯಾಕೆ ತಗೊಂಡ್ರಿ?" ಎಂದು ಡಾಕ್ಟ್ರಮ್ಮ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮೇಸ್ತ್ರಿ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡರು.

"ಉಳಿದವರೆಲ್ಲ ಎಲ್ಲಾದ್ರೂ ಒಂದ್ಕಡೆ ಇದಾರೆ ಡಾಕ್ಟ್ರೇ. ಮಣ್ಣಲ್ಲಿ, ಇಲ್ಲ ಮನೇಲಿ. ಸಾಹೇಬ್ರು ಒಬ್ರೇ ಎಲ್ಲೂ ಇಲ್ಲ. ಅದನ್ನ ಕೈಯಲ್ಲಿ ಹಿಡ್ಕೊಂಡಾಗ್ಲೆಲ್ಲ ನಂಗೆ ಹಾಗೇ ಅನ್ಸೋದು. ಎಲ್ಲಾದ್ರೂ ಒಂದ್ಕಡೆ ಇರ್ಲಿ ಅಂತ ಮಾಡ್ದೆ."

ಡಾಕ್ಟ್ರಮ್ಮ ಬಾಗಿಲಿನ ಕಡೆ ಮುಖ ಮಾಡಿ ನಿಂತರು. ಹೊರಗೆ ರಜಾಕ್ ಭಾಯಿ ಜೀಪಿಗೆ ಒರಗಿ ನಿಂತಿದ್ದು ಕಾಣುತ್ತಿತ್ತು. ಹೊರಗೇ ನೋಡುತ್ತ, ಎಲ್ಲವನ್ನೂ ಕಟ್ಟಿಸಿ, ಒಂದೂ ಇಲ್ಲಿ ಉಳಿಯುವುದು ಬೇಡ ಎಂದರು. ಮೇಸ್ತ್ರಿ ಬಿಸಾಡುವುದಕ್ಕಾ ಎಂದು ಗಾಬರಿಯಿಂದ ಕೇಳಿದರು. ಬಿಸಾಡಲು ತಮ್ಮ ಕೈಯಲ್ಲೂ ಆಗಿರಲಿಲ್ಲ, ಅದಕ್ಕೇ ಇಷ್ಟು ವರ್ಷ ಇಟ್ಟುಕೊಂಡದ್ದು ಎಂದರು. ಅವರವರ ಮನೆಗೆ ಎಂದರು ಡಾಕ್ಟ್ರಮ್ಮ.

ಮಧ್ಯಾಹ್ನದ ತನಕ ಕಾಫಿ ಹೊಟ್ಟು ತುಂಬಿದ ಗೋಣಿ, ಡಬ್ಬಿಗಳಲ್ಲಿ ಬಾಯಿಗಳನ್ನು ಜೋಡಿಸಿದೆವು. ವಾಪಸ್ಸು ಬರುವಾಗ ಜೀಪು ಎಷ್ಟು ನಿಧಾನ ಹೋದರೂ ಕುಲುಕಿದಾಗಲೆಲ್ಲ ಹಿಂದಿನಿಂದ ಕಟಕಟ ಸದ್ದು ಬರುತ್ತಿತ್ತು, ಚಳಿಗೆ ಹಲ್ಲು ಕಡಿದಂತೆ. ರಜಾಕ್ ಭಾಯಿ ಮೊದಲು ದೊಡ್ಡದಾಗಿ ನಗಾಡಿದರು. ಊರು ಹತ್ತಿರ ಬಂದಾಗ ರಸ್ತೆಯಿಂದ ಕಣ್ಣು ತೆಗೆಯದೆ, ನಮ್ಮ ಮನೆಯವಳದ್ದೂ ಇದೆಯಾ ಮೇಡಮ್ ಎಂದು ಕೇಳಿದರು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಡಾಕ್ಟ್ರಮ್ಮ ಹಿಂತಿರುಗಿ ನೋಡದೆಯೇ, ನಿಮ್ಮ ಬೆನ್ನ ಹಿಂದಿನ ಡಬ್ಬಿಯಲ್ಲಿ, ಮೇಲಿಂದ ಎರಡನೇ ಸಾಲು ಎಂದರು. ರಜಾಕ್ ಭಾಯಿ ಮತ್ತೂ ನಿಧಾನ ಓಡಿಸಿದರು.

ಆಮೇಲಿನ ತಿಂಗಳುಗಳಲ್ಲಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದವರಲ್ಲಿ ಹಲ್ಲುನೋವಿನವರಿಗಿಂತ ತಮ್ಮವರ ಅಚ್ಚು ಕೇಳಿ ಬಂದವರೇ ಹೆಚ್ಚು. ಮಾತು ತಾನಾಗಿ ಹರಡಿತ್ತು. ಕೆಲವರು ಹೆದರಿ ಬರಲಿಲ್ಲ, ಮನೆಯಲ್ಲಿ ಇಡಬಾರದು ಎಂದರು. ಬಂದವರು ಕೈಯಲ್ಲಿ ಹಿಡಿದು, ಏನು ಮಾಡುವುದೆಂದು ತಿಳಿಯದೆ ನನ್ನ ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಸೆರಗಿನಲ್ಲಿ ಸುತ್ತಿಕೊಂಡು ಹೋದ ಅಜ್ಜಿಯನ್ನು ಕಂಡೆ. ಒಬ್ಬ ತೋಟದ ಸಾಹುಕಾರರು, ಇದೆಂಥ ಹುಚ್ಚಾಟ, ಅಪ್ಪನದ್ದನ್ನು ಒಡೆದು ಹಾಕಿ ಎಂದು ರೇಗಿದರು. ಡಾಕ್ಟ್ರಮ್ಮ ಸುತ್ತಿಗೆ ಮುಂದಿಟ್ಟು, ನೀವೇ ಒಡೆಯಿರಿ ಎಂದರು. ಅವರು ಸುತ್ತಿಗೆಯನ್ನು ನೋಡಿದರು, ಆ ಬಾಯಿಯನ್ನು ನೋಡಿದರು. ಆಮೇಲೆ ಕರವಸ್ತ್ರ ಬಿಚ್ಚಿ ಅದನ್ನು ಸುತ್ತಿಕೊಂಡರು.

ಇತ್ತ ಆ ಮಾರಾಟಗಾರನ ಹೆಸರು ವೆಬ್‌ಸೈಟಿನಿಂದ ಮಾಯವಾಯಿತು, ಡಾಕ್ಟ್ರಮ್ಮ ಬರೆದ ದೂರಿನಿಂದ. ಮೇಸ್ತ್ರಿ ಮತ್ತೆ ಆ ಕೆಲಸ ಮುಟ್ಟಲಿಲ್ಲವೆಂದು ಕೇಳಿದ್ದೇನೆ, ನಂಬಿದ್ದೇನೆ. ಮಾಡಿದ್ದ ಎರಡರಲ್ಲಿ ಇನ್ನೊಂದು ದವಡೆ ಯಾವುದೋ ದೂರದೇಶಕ್ಕೆ ಹೋಗಿತ್ತು. ಡಾಕ್ಟ್ರಮ್ಮ ಅದನ್ನು ಹುಡುಕಿ ಹಿಡಿದರು. ಸಂಗ್ರಹಕಾರನೊಬ್ಬ ತನ್ನ ಬೀರುವಿನ ಫೋಟೋ ಹಾಕಿದ್ದ, ಅದರಲ್ಲಿತ್ತು. ಅದು ಸುಳ್ಳು, ತನ್ನ ಗಂಡನದ್ದು, ಕೊಂಡ ಹಣ ಕೊಡುತ್ತೇನೆ, ಕಳಿಸಿಕೊಡು ಎಂದು ಬರೆದರು. ಅವನು ಮರ್ಯಾದೆಯಿಂದಲೇ ಉತ್ತರಿಸಿದನಂತೆ: ಸುಳ್ಳೆಂದು ತನಗೂ ಗೊತ್ತಾಗಿದೆ, ಆದರೆ ಒಂಟಿಮನೆಯಲ್ಲಿ ಅದರ ಜೊತೆ ಅಭ್ಯಾಸವಾಗಿದೆ, ಕೊಡಲಾರೆ. ಇದನ್ನು ನನಗೆ ಓದಿ ಹೇಳಿ, ಫೋನು ಕೋಟಿನ ಜೇಬಿಗೆ ಹಾಕಿಕೊಂಡರು. ಮತ್ತೆ ಅವನಿಗೆ ಬರೆಯಲಿಲ್ಲ.

ನಿಮ್ಮ ಹತ್ತಿರ ಉಳಿದ ದವಡೆಯನ್ನು ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಯಜಮಾನರ ಹೆಸರಿನ ಕಲ್ಲಿನ ಕೆಳಗೆ ಇಡಬಹುದಲ್ಲ ಎಂದು ನನ್ನ ಮನಸ್ಸಿನಲ್ಲಿತ್ತು, ಹೇಳಿಯೂ ಹೇಳಿದೆ. ಅವರು ತಲೆಯಾಡಿಸಿದರು.

"ಮಣ್ಣಲ್ಲಿ ಸುಳ್ಳು ಹೂಳಬಾರ್ದು ಮಾರಾಯ. ಮುಂದೆ ಯಾವತ್ತೋ ಯಾರೋ ಅಗೀತಾರೆ. ಪಾಪ, ನಂಬ್ತಾರೆ."

ಅವರು ತೀರಿಕೊಂಡಾಗ ಸಮಾಧಿಯ ಹತ್ತಿರ ಅವರ ಅಣ್ಣನ ಮಗ ನನ್ನನ್ನು ಪಕ್ಕಕ್ಕೆ ಕರೆದು ಅದೇ ಮಾತು ಕೇಳಿದ. ಅತ್ತೆಯ ದಿಂಬಿನ ಪಕ್ಕದಲ್ಲೇ ಆ ದವಡೆ ಸಿಕ್ಕಿತ್ತಂತೆ, ಜೊತೆಯಲ್ಲಿ ಇಟ್ಟುಬಿಡೋಣವೇ ಎಂದ. ಬೇಡ ಎಂದೆ, ಕಾರಣವನ್ನೂ ಹೇಳಿದೆ. ಅವನು ಒಪ್ಪಿದ. ಪಳೆಯುಳಿಕೆಗಳನ್ನು ಒಂದು ಕಾಲೇಜಿಗೆ ಕೊಟ್ಟ. ದವಡೆಯನ್ನೂ ಯಾರೂ ಕೇಳದೆ ಉಳಿದ ಬಾಯಿಗಳನ್ನೂ ನನ್ನ ಅಂಗಡಿಗೆ ತಂದಿಟ್ಟು ಹೋದ. ಕುರ್ಚಿಯ ಹಿಂದಿನ ರ್‍ಯಾಕು ಈಗ ಪೂರ್ತಿ ಅವರದ್ದೇ. ಮೊದಲಿನಷ್ಟು ಹೆದರಿಕೆಯಾಗುವುದಿಲ್ಲ. ಸಂಜೆ ಬಾಗಿಲು ಹಾಕುವಾಗ ಒಮ್ಮೆ ತಿರುಗಿ ನೋಡುತ್ತೇನೆ.

ಹೋದ ವಾರ ಕಳಸದಿಂದ ಒಬ್ಬಳು ಬಂದಿದ್ದಳು. ಇಪ್ಪತ್ತೈದರ ಆಸುಪಾಸು, ಬ್ಯಾಂಕಿನಲ್ಲಿ ಕೆಲಸವಂತೆ. ಬೇರೆ ಏನೋ ಪಾರ್ಸೆಲ್ಲು ಕಳಿಸುವ ನೆಪದಲ್ಲಿ ಕೂತು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ, ಇಲ್ಲಿ ಹಳಬರ ಅಚ್ಚುಗಳಿವೆಯಂತೆ ಹೌದಾ ಎಂದು ಕೊನೆಗೆ ಕೇಳಿದಳು. ತಾಯಿಯ ಹೆಸರು ಹೇಳಿದಳು. ತಾನು ಹುಟ್ಟಿದಾಗಲೇ ಹೋದವಳು, ಮನೆಯಲ್ಲಿರುವುದು ಒಂದೇ ಫೋಟೋ, ಅದರಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದಳು. ಡಾಕ್ಟ್ರಮ್ಮನ ಹಾಗೆ ನೋಡಿದ ಕೂಡಲೇ ಗುರುತಿಸಲು ನನಗೆ ಬರುವುದಿಲ್ಲ. ಒಂದೊಂದನ್ನೇ ತಿರುಗಿಸಿ ಪೆನ್ಸಿಲಿನ ಹೆಸರು ಓದುತ್ತ ಹೋದೆ. ಮೂರನೇ ಸಾ‌ಲಿನಲ್ಲಿ ಸಿಕ್ಕಿತು.

ಒರೆಸಿ ಕೊಟ್ಟೆ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಬೀದಿ ಕಡೆಯ ಗಾಜಿನ ಬಾಗಿಲಿಗೆ ಹೋಗಿ ನಿಂತಳು. ಅಚ್ಚನ್ನು ಕೆನ್ನೆಯ ಪಕ್ಕಕ್ಕೆ ಹಿಡಿದು, ಗಾಜಿನಲ್ಲಿ ನೋಡಿಕೊಳ್ಳುತ್ತ ಮೆಲ್ಲಗೆ ಬಾಯಿ ತೆರೆದಳು. ಮೇಲಿನ ಸಾಲಿನಲ್ಲಿ ಎಡಗಡೆ ಒಂದು ಹಲ್ಲು, ಅವಳದ್ದೂ ಅಚ್ಚಿನದ್ದೂ, ಒಂದೇ ರೀತಿ ಹೊರಕ್ಕೆ ತಿರುಗಿತ್ತು.

"ಇದನ್ನ ಸರಿ ಮಾಡಿಸ್ಬೇಕು ಅಂತ ದುಡ್ಡು ಕೂಡಿಸ್ತಿದ್ದೆ" ಎಂದಳು.

ಅಚ್ಚನ್ನು ದುಪಟ್ಟಾದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಕಳಸದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಮೆಟ್ಟಿಲಿಳಿಯುವಾಗ ನನ್ನ ಕಡೆ ತಿರುಗಿ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿಯದೆ.